ಕೆಂಪು ಗೆರೆಯ ಟವೆಲ್

ಸಮವಸ್ತ್ರ ಹೊಲಿಯುವ ಆ ಕಾರ್ಖಾನೆಯಲ್ಲಿ ಅರವತ್ತೆರಡು ಹೊಲಿಗೆ ಮೆಷಿನ್‌ಗಳಿದ್ದವು. ಅರವತ್ತೆರಡೂ ಒಟ್ಟಿಗೆ ಓಡುವಾಗ ಪಕ್ಕದಲ್ಲಿ ಕೂತವರು ಗಂಟಲು ಹರಿದುಕೊಂಡರೂ ಕೇಳುವುದಿಲ್ಲ. ಅಂಥ ಗದ್ದಲದ ನಡುವೆ ಮೆಕ್ಯಾನಿಕಮ್ಮ ತಟ್ಟನೆ ನಿಂತು, ತಲೆ ಓರೆ ಮಾಡಿ, ಮೂರನೇ ಸಾಲಿನ ಏಳನೇ ಮೆಷಿನ್ ಕಡೆ ಬೆರಳು ತೋರಿಸಿ ಅದನ್ನು ನಿಲ್ಲಿಸಲು ಸನ್ನೆ ಮಾಡುತ್ತಿದ್ದಳು. ಹೊಲಿಯುವವಳು ಗೊಣಗಿಕೊಂಡು ನಿಲ್ಲಿಸುವಳು. ತೆರೆದು ನೋಡಿದರೆ ಕೆಳದಾರದ ಉರುಳೆ, ಬಾಬಿನ್, ಕೂರುವ ಜಾಗ ಸವೆದು, ಇನ್ನೇನು ದಾರ ಕಚ್ಚಿಕೊಳ್ಳುವುದರಲ್ಲಿ ಇರುತ್ತಿತ್ತು. ಹೊಲಿಗೆ ತಪ್ಪಿದ ಮೇಲೆ ಮೆಷಿನ್ ರಿಪೇರಿ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ತಪ್ಪುವ ಮೊದಲೇ ಹಿಡಿಯುವವಳು ಇವಳೊಬ್ಬಳೇ. ಅದಕ್ಕೇ ಅವಳಿಗೆ ಆ ಹೆಸರು ಅಂಟಿಕೊಂಡಿತ್ತು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು.

ಇಂಥ ಕಿವಿ ದೇವರು ಕೊಟ್ಟದ್ದು ಎಂದು ಮ್ಯಾನೇಜರ್ ಬಂದವರ ಮುಂದೆಲ್ಲ ಹೊಗಳುತ್ತಿದ್ದ. ದೇವರಿಗೂ ಅದಕ್ಕೂ ಸಂಬಂಧವಿಲ್ಲ. ಅದು ಅವಳ ಅಪ್ಪ ಮನೆಯೊಳಗೆ ಓಡಾಡುವ ಸದ್ದು ಕೇಳಿ ಕೇಳಿ ಬಂದ ಕಿವಿ. ಹಾಗಾದರೆ ಅಪ್ಪನಿಗೇ ಒಂದು ನಮಸ್ಕಾರ ಹಾಕಬೇಕಲ್ಲ ಎಂದು ಯಾರಾದರೂ ಬುದ್ಧಿವಂತಿಕೆ ತೋರಿಸಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬೆಂಕಿ ಬಿದ್ದ ಮನೆಯಿಂದ ಓಡಿ ಓಡಿ ಕಾಲು ಗಟ್ಟಿಯಾದವಳು ಬೆಂಕಿಗೆ ಋಣಿಯಾಗಿರಬೇಕಾಗಿಲ್ಲ.

ಅಪ್ಪ ಮನೆಗಳಿಗೆ ಬಣ್ಣ ಬಳಿಯುವವ. ಗೋಡೆ ಒಣಗಲು ಬಿಟ್ಟು ಮಧ್ಯಾಹ್ನ ಮೂರಕ್ಕೆಲ್ಲ ಮನೆಗೆ ಬಂದುಬಿಡುತ್ತಿದ್ದ. ಅಮ್ಮ ಆಸ್ಪತ್ರೆಯಲ್ಲಿ ಆಯಾ. ಅವಳದು ಮಧ್ಯಾಹ್ನದ ಪಾಳಿ, ಅವಳು ಬರುವ ಹೊತ್ತಿಗೆ ಆಗುವುದೆಲ್ಲ ಆಗಿ ಮುಗಿದಿರುತ್ತಿತ್ತು. ಅಪ್ಪ ಯಾವಾಗಲೂ ಕೆಟ್ಟವನಾಗಿದ್ದರೆ ಮಕ್ಕಳು ಹೇಗೋ ಏಗುತ್ತಿದ್ದರು. ಅವನು ಹಾಗಿರಲಿಲ್ಲ. ಒಂದು ಭಾನುವಾರ ಉಳಿದ ಹಳದಿ ಬಣ್ಣದ ಡಬ್ಬಿ ತಂದು, ಅಡುಗೆಮನೆ ಬಾಗಿಲಿಗೆ ಬಳಿದು, ಇಬ್ಬರು ಹೆಣ್ಣುಮಕ್ಕಳ ಅಂಗೈಗೂ ಬಣ್ಣ ಹಚ್ಚಿ ಬಾಗಿಲ ಮೇಲೆ ಒತ್ತಿಸಿದ. ಮೂವರೂ ಬಿದ್ದು ಬಿದ್ದು ನಕ್ಕರು. ಮಂಗಳವಾರ ಅದೇ ಬಾಗಿಲ ಮುಂದೆ ನಿಂತು, ಈ ಹೊಲಸು ಕೈ ಗುರುತು ಯಾರದು ಎಂದು ಕೇಳಿದ. ಅವನು ಆಟವಾಡುತ್ತಿದ್ದಾನೆಂದು ಕಿರಿಯವಳು ನಗುತ್ತ ಕೈ ಎತ್ತಿದಳು. ಅವತ್ತು ಬಿದ್ದ ಏಟಿಗಿಂತ, ಭಾನುವಾರದ ಅಪ್ಪ ಎಲ್ಲಿ ಹೋದ ಎನ್ನುವುದೇ ಎಂಟು ವರ್ಷದ ಆ ಹುಡುಗಿಗೆ ಬಗೆಹರಿಯಲಿಲ್ಲ. ಅಂದಿನಿಂದ ಅವಳು ನಗುವ ಮೊದಲು ಎದುರಿನವರ ಮುಖ ನೋಡುವುದನ್ನು ಕಲಿತಳು.

ಅಪ್ಪ ಸತ್ತು ಹನ್ನೊಂದು ವರ್ಷವಾಯಿತು. ಅಮ್ಮನೂ ಇಲ್ಲ. ಎಂಟು ವರ್ಷದ ಹುಡುಗಿಗೆ ಈಗ ನಲವತ್ತು. ಆದರೆ ಆ ಕಿವಿಯನ್ನು ಪಾಳಿ ಮುಗಿದ ಮೇಲೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಬರಲು ಆಗಬೇಕಲ್ಲ! ಅದು ಸ್ಕ್ರೂಡ್ರೈವರ್ ಅಲ್ಲ. ಮನೆಯಲ್ಲಿ ಗಂಡ ಪಾತ್ರೆಯ ಮುಚ್ಚಳ ಸ್ವಲ್ಪ ಜೋರಾಗಿ ಇಟ್ಟರೂ ಅವಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಗಂಡ ಪೋಸ್ಟ್‌ಮ್ಯಾನ್, ದಿನವೂ ಒಂದೇ ಬೀದಿ, ಒಂದೇ ನಡಿಗೆ, ಒಂದೇ ಮುಖ. ಒಮ್ಮೆ ಹಲ್ಲುನೋವೆಂದು ಅವನು ಇಡೀ ಸಂಜೆ ತುಟಿ ಪಿಟಿಕ್ಕೆನ್ನದೆ ಕೂತ. ಇವಳು ಐದು ಸಲ ಹೋಗಿ, ನನ್ನ ಮೇಲೆ ಸಿಟ್ಟಾ ಎಂದು ಕೇಳಿದಳು. ಆರನೇ ಸಲಕ್ಕೆ ಅವನು ಬಾಯಿ ಅಗಲಿಸಿ ಹುಳುಕು ಹಲ್ಲನ್ನೇ ತೋರಿಸಿಬಿಟ್ಟ.

ನಗುವ ವಿಷಯ ಇಷ್ಟೇ. ಉಳಿದದ್ದು ನಗುವಂಥದ್ದಲ್ಲ. ದಿನವಿಡೀ ಮೈಯೆಲ್ಲ ಕಿವಿಯಾಗಿ ಬದುಕುವವಳಿಗೆ ಸಂಜೆಯ ಹೊತ್ತಿಗೆ ತಾಳ್ಮೆ ಎಂಬುದು ತಳ ಕಂಡಿರುತ್ತಿತ್ತು. ನೆಲಕ್ಕೆ ಬಿದ್ದ ಒಂದು ಚಮಚಕ್ಕೆ ಅವಳು ಹರಿಹಾಯುತ್ತಿದ್ದಳು. ಆಮೇಲೆ ಎರಡು ದಿನ ಮೌನ. ಮೂರನೇ ದಿನ ಮಗಳಿಗೆ ಹೊಸ ಬಣ್ಣದ ಪೆನ್ಸಿಲ್ಲು, ಮುದ್ದು, ಕಣ್ಣೀರು. ಅಪ್ಪನ ಹಾಗೆ ಕೈ ಎತ್ತಿಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಆ ಸಮಾಧಾನ ಒಂದು ಗುರುವಾರ ಮಧ್ಯಾಹ್ನ ಮುಗಿಯಿತು. ಜ್ವರ ಬಂದು ರಜೆ ಹಾಕಿದ್ದಳು. ಶಾಲೆ ಬಿಡುವ ಹೊತ್ತಿಗೆ ಮೆಟ್ಟಿಲ ಮೇಲೆ ಮಗಳ ಹೆಜ್ಜೆ ಕೇಳಿಸಿ, ಬಾಗಿಲು ತೆಗೆಯೋಣವೆಂದು ಎದ್ದಳು. ಹೆಜ್ಜೆ ಬಾಗಿಲ ಹತ್ತಿರ ನಿಂತುಹೋಯಿತು. ಕರೆಗಂಟೆ ಬಾರಿಸಲಿಲ್ಲ. ಬಾಗಿಲ ಕಿಂಡಿಯಲ್ಲಿ ಇಣುಕಿದರೆ, ಎಂಟು ವರ್ಷದ ಮಗಳು ಎರಡೂ ಶೂ ಬಿಚ್ಚಿ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಕಿವಿಯನ್ನು ಬಾಗಿಲಿಗೆ ಒತ್ತಿ ನಿಂತಿದ್ದಾಳೆ.

ಮೆಕ್ಯಾನಿಕಮ್ಮನಿಗೆ ಆ ನಿಲುವು ಗೊತ್ತು. ತಲೆ ಓರೆ ಮಾಡುವ ಆ ರೀತಿಯೂ ಗೊತ್ತು. ಮಗಳು ಆಮೇಲೆ ಬಂದು ಮೊದಲು ಅಮ್ಮನ ಮುಖ ನೋಡಿದಳು, ಆಮೇಲೆ ತೊಳೆಯದ ಪಾತ್ರೆಗಳಿವೆಯೇ ಎಂದು ಅಡುಗೆಮನೆಯತ್ತ ನೋಡಿದಳು, ಆಮೇಲೆ ಕೇಳಿದಳು: "ಅಮ್ಮಾ, ಇವತ್ತು ಚೆನ್ನಾಗಿದೀಯಾ?" ಅದು ಜ್ವರದ ವಿಚಾರವಾಗಿರಲಿಲ್ಲ.

ತನಗೆ ಬಂದದ್ದು ತನ್ನಲ್ಲೇ ಮುಗಿಯಬೇಕು, ಇದು ಈ ಮಗುವಿಗೆ ದಾಟಬಾರದು. ಅವಳಿಗೆ ಬೇರೇನೂ ಬೇಕಿರಲಿಲ್ಲ. ಮರುದಿನವೇ ಕಾರ್ಖಾನೆಯ ಡಾಕ್ಟರ ಹತ್ತಿರ ಹೋದಳು. ಡಾಕ್ಟರು ಎದೆ ಬಡಿತ ನೋಡಿ, ಹೃದಯ ಗಟ್ಟಿಯಾಗಿದೆ, ಹೆದರಿಕೆ ಬೇರೆ ಕಡೆ ಇದೆ ಎಂದು ಒಬ್ಬ ಮನಶ್ಶಾಸ್ತ್ರಜ್ಞೆಯ ವಿಳಾಸ ಬರೆದುಕೊಟ್ಟರು.

ಮನಶ್ಶಾಸ್ತ್ರಜ್ಞೆ ಇವಳಿಗಿಂತ ಚಿಕ್ಕವಳು. ಮೊದಲ ಮೂರು ವಾರ ಮೆಕ್ಯಾನಿಕಮ್ಮ ತನ್ನ ಕಥೆ ಹೇಳುವುದಕ್ಕಿಂತ ಹೆಚ್ಚಾಗಿ ಆ ಹುಡುಗಿಯ ಮುಖ ನೋಡುತ್ತ, ತನ್ನಿಂದ ಬೇಸರವಾಯಿತೋ ಏನೋ ಎಂದು ಲೆಕ್ಕ ಹಾಕುತ್ತ ಕೂತಳು. ನಾಲ್ಕನೇ ವಾರ ಮನಶ್ಶಾಸ್ತ್ರಜ್ಞೆ ಮೆತ್ತಗೆ ಹೇಳಿದಳು: "ನನ್ನ ಮುಖ ಕಾಯೋ ಕೆಲಸ ಇಲ್ಲಿ ನಿಮಗಿಲ್ಲ. ಬೇಕಾದ್ರೆ ಗೋಡೆ ನೋಡ್ಕೊಂಡು ಮಾತಾಡಿ." ನಲವತ್ತು ವರ್ಷದಲ್ಲಿ ಯಾರೂ ಅವಳಿಗೆ ಇಂಥ ರಜೆ ಕೊಟ್ಟಿರಲಿಲ್ಲ. ಅವಳು ಕುರ್ಚಿಯನ್ನು ಗೋಡೆಯತ್ತ ತಿರುಗಿಸಿ, ಹಳದಿ ಬಾಗಿಲಿನಿಂದ ಶುರು ಮಾಡಿ ಒಂದು ಗಂಟೆ ಒಂದೇ ಸಮನೆ ಹೇಳಿದಳು.

ಕೊನೆಗೆ ಮನಶ್ಶಾಸ್ತ್ರಜ್ಞೆ ಒಂದು ಪ್ರಶ್ನೆ ಕೇಳಿದಳು. ಆ ಮನೆಯಲ್ಲಿ ಕಣ್ಣು ಮುಚ್ಚಿ ನಂಬಬಹುದಾದದ್ದು ಏನಾದರೂ ಒಂದು ಇತ್ತೇ? ಒಬ್ಬ ಮನುಷ್ಯ, ಒಂದು ವಸ್ತು, ಏನಾದರೂ? ಮೆಕ್ಯಾನಿಕಮ್ಮ ಯೋಚಿಸದೆ ಇಲ್ಲ ಎಂದಳು. ಏನೂ ಇರಲಿಲ್ಲ.

ಮನೆಗೆ ಹೋಗುವ ಬಸ್ಸಿನಲ್ಲಿ, ಎರಡು ಸ್ಟಾಪ್ ದಾಟಿದ ಮೇಲೆ ಅವಳಿಗೆ ಟವೆಲ್ ನೆನಪಾಯಿತು.

ಅದು ಅಕ್ಕನ ಟವೆಲ್. ಅಕ್ಕ ಇವಳಿಗಿಂತ ಆರು ವರ್ಷ ದೊಡ್ಡವಳು. ಅವಳ ಶಾಲೆ, ಆಮೇಲೆ ಕಾಲೇಜೂ, ಬೇಗ ಬಿಡುತ್ತಿತ್ತು, ಅಪ್ಪ ಬರುವ ಹೊತ್ತಿಗೆ ಅವಳು ಮನೆಯಲ್ಲಿರುತ್ತಿದ್ದಳು. ಹಳದಿ ಬಾಗಿಲಿನ ಆ ಮಂಗಳವಾರದ ಮರುದಿನ, ಅಕ್ಕ ತಂಗಿಗೆ ಬೀದಿಯಿಂದ ಅಡುಗೆಮನೆಯ ಕಿಟಕಿ ತೋರಿಸಿ ಒಂದು ನಿಯಮ ಹೇಳಿಕೊಟ್ಟಳು. ಕಿಟಕಿಯ ಸರಳಿಗೆ ಕೆಂಪು ಗೆರೆಯ ಟವೆಲ್ ಹಾಕಿದ್ದರೆ ಮೇಲೆ ಬರಬಾರದು, ನೇರ ಎದುರಿನ ಲೈಬ್ರರಿಗೆ ಹೋಗಿ ಕೂರಬೇಕು. ಟವೆಲ್ ಇಲ್ಲದಿದ್ದರೆ ಬರಬಹುದು. ಅಷ್ಟೇ. ಆರು ವರ್ಷ ಆ ನಿಯಮ ನಡೆಯಿತು. ಆಮೇಲೆ ಅಪ್ಪ ಬೇರೆ ಊರಿನ ಕೆಲಸ ಹಿಡಿದು ಹೋದ, ಟವೆಲ್ಲೂ ಎಲ್ಲೋ ಹೋಯಿತು, ಅಕ್ಕತಂಗಿಯರು ಆ ಮಾತನ್ನು ಮತ್ತೆ ಎತ್ತಲೇ ಇಲ್ಲ.

ಬಸ್ಸಿನ ಕಂಬಿ ಹಿಡಿದು ನಿಂತವಳು ಆ ಆರು ವರ್ಷವನ್ನು ಹಿಂದೆ ಮುಂದೆ ತಿರುವಿ ನೋಡಿದಳು. ಟವೆಲ್ ಇಲ್ಲವೆಂದು ಮೇಲೆ ಹತ್ತಿ ಏಟು ತಿಂದ ದಿನ ಒಂದೂ ಇರಲಿಲ್ಲ. ಅಪ್ಪ ಮಾತಿಗೆ ತಪ್ಪುತ್ತಿದ್ದ, ಅಮ್ಮ ಬರುವ ಹೊತ್ತು ಬದಲಾಗುತ್ತಿತ್ತು, ಗಡಿಯಾರ ಕೂಡ ಆ ಮನೆಯಲ್ಲಿ ಸರಿಯಿರಲಿಲ್ಲ. ಟವೆಲ್ ಮಾತ್ರ ಒಮ್ಮೆಯೂ ಮೋಸ ಮಾಡಲಿಲ್ಲ. ಇಷ್ಟು ವರ್ಷ ಅಕ್ಕನ ಹತ್ತಿರ ಹವೆ, ತರಕಾರಿ, ಮೊಣಕಾಲು ನೋವು ಎಲ್ಲದರ ಬಗ್ಗೆ ಮಾತಾಡಿದ್ದಳು. ಥ್ಯಾಂಕ್ಸ್ ಎಂಬ ಒಂದು ಮಾತು ಮಾತ್ರ ಬಾಯಿಂದ ಬಂದಿರಲಿಲ್ಲ. ಅದನ್ನೇ ಯೋಚಿಸುತ್ತ ಅವಳು ತನ್ನ ಸ್ಟಾಪನ್ನೇ ದಾಟಿಹೋದಳು.

ಆ ಭಾನುವಾರ ಬೆಳಿಗ್ಗೆಯೇ ಅಕ್ಕನಿಗೆ ಫೋನು ಮಾಡಿ, ಹನ್ನೆರಡಕ್ಕೆ ಊಟಕ್ಕೆ ಬರುತ್ತೇನೆ ಎಂದಳು. ಅಕ್ಕ ಪೇಟೆಯ ಇನ್ನೊಂದು ತುದಿಯಲ್ಲಿ ಎರಡನೇ ಮಹಡಿಯ ಮನೆಯಲ್ಲಿ ಒಬ್ಬಳೇ ಇರುತ್ತಿದ್ದಳು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವಳ ಕೆಲಸ. ಮದುವೆಯ ಮಾತು ಬಂದಾಗಲೆಲ್ಲ, ನನ್ನ ಮನೆ ಬೀಗದ ಕೈ ಇನ್ನೊಬ್ಬರ ಹತ್ತಿರ ಇರುವುದು ನನಗಾಗದು ಎಂದು ತಳ್ಳಿಹಾಕಿದವಳು. ಹೇಳದೆ ಬಂದವರಿಗೆ ಅವಳು ಬಾಗಿಲು ತೆಗೆಯುವುದಿಲ್ಲ, ಅವರು ಯಾರೇ ಆಗಿರಲಿ.

ಮೆಕ್ಯಾನಿಕಮ್ಮ ಹೇಳಿದ ಹೊತ್ತಿಗೆ ಸರಿಯಾಗಿ ಬಸ್ಸಿಳಿದಳು. ಬಸ್ ಸ್ಟಾಪಿನ ಎದುರಿಗೇ ಅಕ್ಕನ ಕಟ್ಟಡ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಜೋಡಿಸಿಕೊಂಡು ತಲೆ ಎತ್ತಿದಳು. ಎರಡನೇ ಮಹಡಿಯ ಅಡುಗೆಮನೆ ಕಿಟಕಿಯ ಸರಳಿನ ಮೇಲೆ ಕೆಂಪು ಗೆರೆಯ ಟವೆಲ್ ತೂಗುತ್ತಿತ್ತು.

ಅವಳ ಕಾಲುಗಳು ತಾವಾಗಿಯೇ ಹಿಂದೆ ತಿರುಗಿದವು. ಹೋಗಿ ಸ್ಟಾಪಿನ ಬೆಂಚಿನ ಮೇಲೆ ಕೂತಳು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಪ್ಪ ಸತ್ತು ಹನ್ನೊಂದು ವರ್ಷವಾಯಿತು, ಅದು ಒಣಗಲು ಹಾಕಿದ ಬಟ್ಟೆ, ಎದ್ದು ಹೋಗು ಎಂದು ತಲೆ ಹೇಳುತ್ತಿತ್ತು. ತಲೆಯ ಮಾತನ್ನು ಕಾಲು ಕೇಳಬೇಕಲ್ಲ. ಒಂದು ಬಸ್ಸು ಹೋಯಿತು, ಎರಡು ಹೋದವು, ಐದು ಹೋದವು. ಬಸ್ಸು ನಿಲ್ಲಿಸಿದ ಒಬ್ಬ ಡ್ರೈವರು ಬಾಗಿಲು ತೆರೆದು ಹತ್ತುತ್ತೀರಾ ಎಂದು ಕೇಳಿ, ಉತ್ತರ ಬಾರದೆ ತಲೆಯಾಡಿಸಿ ಹೊರಟ. ಫೋನು ಗುಂಯ್‌ಗುಟ್ಟಿತು, ಅಕ್ಕನದು. ಏನೆಂದು ಹೇಳುವುದು? ನಿನ್ನ ಮನೆ ಕೆಳಗೇ ಇದ್ದೇನೆ, ಟವೆಲ್ ಇದೆ, ಅದಕ್ಕೇ ಬಂದಿಲ್ಲ ಎನ್ನುವುದೇ? ನಲವತ್ತು ವರ್ಷದ ಹೆಂಗಸು, ಅರವತ್ತೆರಡು ಮೆಷಿನ್‌ಗಳ ಒಡತಿ, ಅಪ್ಪಟ ಸುಳ್ಳೊಂದನ್ನು ಬರೆದು ಕಳಿಸಿದಳು: "ಬಸ್ ಲೇಟ್."

ಮೇಲೆ ಅಕ್ಕ ಅದನ್ನು ಓದಿದಳು. ಬಸ್ಸು ಬರುತ್ತಿದೆಯೇ ನೋಡೋಣವೆಂದು ಕಿಟಕಿಗೆ ಬಂದಳು. ಬಸ್ಸಿರಲಿಲ್ಲ. ಬೆಂಚಿನ ಮೇಲೆ ತಂಗಿ ಇದ್ದಳು, ಚೀಲ ತೊಡೆಯ ಮೇಲಿಟ್ಟುಕೊಂಡು, ಕಿಟಕಿಯನ್ನೇ ನೋಡುತ್ತ.

ಅಕ್ಕನಿಗೆ ಒಂದು ಗಳಿಗೆ ತಲೆಬುಡ ತಿಳಿಯಲಿಲ್ಲ. ಕೈ ಬೀಸಲು ಹೋದಾಗ ಅವಳ ಮೊಣಕೈಗೆ ಒದ್ದೆ ಬಟ್ಟೆ ತಾಗಿತು. ಅವಳು ಟವೆಲ್ ಕಡೆ ನೋಡಿದಳು, ಬೆಂಚಿನ ಕಡೆ ನೋಡಿದಳು. ಆಮೇಲೆ ಕೂಗಲಿಲ್ಲ, ಕೈಯನ್ನೂ ಬೀಸಲಿಲ್ಲ. ಟವೆಲ್ಲನ್ನು ಮೆಲ್ಲಗೆ ಒಳಗೆಳೆದುಕೊಂಡಳು.

ಬೆಂಚಿನ ಮೇಲಿದ್ದವಳು ಆ ಕ್ಷಣವೇ ಎದ್ದು ನಿಂತಳು. ಯೋಚನೆ ಆಮೇಲೆ ಬಂತು. ರಸ್ತೆ ದಾಟಿ, ಎರಡು ಮಹಡಿ ಹತ್ತುವ ಹೊತ್ತಿಗೆ ಬಾಗಿಲು ತೆರೆದೇ ಇತ್ತು, ಅಕ್ಕ ಒದ್ದೆ ಟವೆಲ್ ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು.

"ಹಾಲು ಚೆಲ್ಲಿತ್ತು ಕಣೇ ಗುಬ್ಬಿ," ಅಂದಳು ಅಕ್ಕ. "ಒರೆಸಿ ಹಿಂಡಿ ಹಾಕಿದ್ದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕದ್ದು ಯಾರೋ ಗೊತ್ತಿಲ್ಲ. ನಗು ಶುರುವಾದದ್ದೇ ತಡ ನಿಲ್ಲಿಸಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ಗೋಡೆಗೊರಗಿ ನಕ್ಕರು, ಎದುರು ಮನೆಯವರು ಬಾಗಿಲು ತೆಗೆದು ನೋಡುವಷ್ಟು. ನಕ್ಕು ನಕ್ಕು ತಂಗಿ ಯಾವಾಗ ಅಳಲು ಶುರು ಮಾಡಿದಳೋ ಅವಳಿಗೇ ತಿಳಿಯಲಿಲ್ಲ. ಅಕ್ಕ ಕೈಗೆ ಸಿಕ್ಕಿದ ಬಟ್ಟೆಯಿಂದಲೇ ಅವಳ ಮುಖ ಒರೆಸಿದಳು. ಅದು ಹಾಲಿನ ವಾಸನೆ ಹೊಡೆಯುತ್ತಿತ್ತು.

ಅನ್ನ ಆರಿಹೋಗಿತ್ತು. ಬಿಸಿ ಮಾಡುತ್ತೇನೆಂದು ಎದ್ದ ಅಕ್ಕನನ್ನು ತಂಗಿ ಕೈ ಹಿಡಿದು ಕೂರಿಸಿದಳು. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಚೆಲ್ಲಾಪಿಲ್ಲಿಯಾಗಿತ್ತು. ಮಗಳು ಬಾಗಿಲಿಗೆ ಕಿವಿ ಕೊಟ್ಟು ನಿಂತದ್ದು, ಡಾಕ್ಟರು, ಗೋಡೆಗೆ ತಿರುಗಿಸಿದ ಕುರ್ಚಿ, ಆ ಪ್ರಶ್ನೆ, ಎಲ್ಲವನ್ನೂ ಹಿಂದುಮುಂದಾಗಿ ಹೇಳಿದಳು.

"ನಂಬೋಕೆ ಏನಾದ್ರೂ ಇತ್ತಾ ಅಂತ ಕೇಳಿದ್ರೆ ಇಲ್ಲ ಅಂದ್ಬಿಟ್ಟೆ ಅಕ್ಕ. ನೀನಿದ್ದೆ. ನೀನಿದ್ದಿದ್ದಕ್ಕೇ ನಾನು ಇಷ್ಟಾದ್ರೂ ಸರಿಯಾಗಿದೀನಿ. ಅದನ್ನ ಹೇಳೋಕೇ ಬಂದೆ."

ಮೂಲೆಯಲ್ಲಿ ರೇಡಿಯೋ ಸಣ್ಣಗೆ ಹಾಡುತ್ತಿತ್ತು. ಅಕ್ಕನ ಮನೆಯಲ್ಲಿ ಅದು ದಿನವಿಡೀ ಹಾಡುತ್ತದೆ, ಮನೆ ಸದ್ದಿಲ್ಲದೆ ಇದ್ದರೆ ಅವಳಿಗೆ ಕೂತಲ್ಲಿ ಕೂರಲಾಗುವುದಿಲ್ಲ. ತಂಗಿ ಅದನ್ನು ನೋಡುತ್ತ ಇದ್ದವಳು, ಮೂವತ್ತೆರಡು ವರ್ಷದಲ್ಲಿ ಒಮ್ಮೆಯೂ ತಲೆಗೆ ಹೊಳೆಯದ ಪ್ರಶ್ನೆಯನ್ನು ಕೇಳಿದಳು. ಟವೆಲ್ ಹೊರಗೆ ತೂಗುವಾಗಲೆಲ್ಲ ಅಕ್ಕ ಒಳಗಿದ್ದಳು. ಹದಿನಾಲ್ಕು ವರ್ಷದ ಹುಡುಗಿ, ಒಬ್ಬಳೇ, ಅಪ್ಪನ ಜೊತೆ.

"ನಿನಗೆ ಯಾರು ಟವೆಲ್ ಹಾಕ್ತಿದ್ರು ಅಕ್ಕ?"

ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದಳು. ಕೆಲಸದ ಅಭ್ಯಾಸ, ಗಾಜು ಸ್ವಚ್ಛವಾಗಿದ್ದರೂ ಒರೆಸುತ್ತಲೇ ಇದ್ದಳು.

"ನನಗ್ಯಾಕೆ? ನನಗೆ ನೀನು ಕಾಣ್ತಿದ್ದೆ," ಅಂದಳು. "ಅಡುಗೆಮನೆ ಕಿಟಕಿಯಿಂದ ಲೈಬ್ರರಿ ಕಿಟಕಿ ನೇರ ಕಾಣ್ತಿತ್ತು. ನೀನು ಯಾವಾಗಲೂ ಅಲ್ಲೇ ಕೂರ್ತಿದ್ದೆ, ಚೀಲ ತೊಡೆ ಮೇಲೆ ಇಟ್ಕೊಂಡು. ಅಪ್ಪ ಹಿಂದೆ ಕೂಗ್ತಾ ಇದ್ರೆ ನಾನು ಪಾತ್ರೆ ತೊಳಿತಾ ನಿನ್ನನ್ನ ನೋಡ್ತಿದ್ದೆ. ಸದ್ಯ, ಅವಳು ಅಲ್ಲಿ ಆರಾಮಾಗಿ ಓದ್ತಾ ಇದಾಳೆ, ಅವಳಿಗೆ ಇದು ಕೇಳಿಸ್ತಿಲ್ಲ ಅನ್ಕೋತಿದ್ದೆ. ಅಷ್ಟು ಸಾಕಾಗ್ತಿತ್ತು ನನಗೆ."

ತಂಗಿ ಅಕ್ಕನ ಕಡೆ ತಿರುಗಿ ಕೂತಳು.

"ನಾನು ಓದ್ತಾನೇ ಇರಲಿಲ್ಲ ಅಕ್ಕ. ಪುಸ್ತಕ ತೆರೆದಿಟ್ಕೊಂಡು ನಿನ್ನ ಕಿಟಕಿ ನೋಡ್ತಿದ್ದೆ."

ಅಕ್ಕನ ಕೈ ನಿಂತಿತು. ಆರು ವರ್ಷ, ರಸ್ತೆಯ ಆಚೆ ಈಚೆ, ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ ಕೂತಿದ್ದರು. ಇಬ್ಬರಿಗೂ ಅದು ಗೊತ್ತಿರಲಿಲ್ಲ. ಅಕ್ಕ ಎದ್ದು ಹೋಗಿ ರೇಡಿಯೋ ಆರಿಸಿ ಬಂದು ತಂಗಿಯ ಪಕ್ಕ ಕೂತಳು. ಆ ಮನೆ ಸದ್ದಿಲ್ಲದೆ ಇದ್ದದ್ದನ್ನು ತಂಗಿ ಅದೇ ಮೊದಲು ಕೇಳಿದ್ದು. ಹಾಗೇ ಇಬ್ಬರೂ ಆರಿದ ಅನ್ನವನ್ನೇ ಉಂಡರು, ಇಬ್ಬರಿಗೂ ಅದು ರುಚಿಯಾಗಿತ್ತು.

ಹೊರಡುವಾಗ ತಂಗಿ ಮಗಳ ವಿಚಾರ ಮತ್ತೆ ಎತ್ತಿದಳು. ತಾನೂ ಅವಳಿಗೆ ಏನಾದರೂ ಒಂದು ಗುರುತು ಮಾಡಿಕೊಡಲೇ, ಬಾಗಿಲಿಗೆ ಏನಾದರೂ ತೂಗಿಹಾಕಲೇ ಎಂದು ಕೇಳಿದಳು. ಅಕ್ಕ ಅವಳ ತಲೆಗೊಂದು ಮೊಟಕಿದಳು.

"ಟವೆಲ್ ಹಾಕಿದ್ದು ಯಾಕೆ ಅಂದ್ರೆ ಅಪ್ಪನಿಗೆ ಇವತ್ತು ತನ್ನ ಮನಸ್ಸು ಹೇಗಿದೆ ಅಂತ ಬಾಯಿ ಬಿಟ್ಟು ಹೇಳೋಕೆ ಬರ್ತಿರಲಿಲ್ಲ. ನಿನಗೆ ಬಾಯಿದೆಯಲ್ಲ. ಹೇಳು." ಆಮೇಲೆ ಟವೆಲ್ ಮಡಚಿ ತಂಗಿಯ ಚೀಲಕ್ಕೆ ತುರುಕಿದಳು. ಅಂಗಡಿಗೆ ಹೋದರೆ ಯಾಕೋ ಕೈ ಈ ಕೆಂಪು ಗೆರೆಯದಕ್ಕೇ ಹೋಗುತ್ತದೆ, ಇನ್ನು ಮೇಲೆ ಬೇರೆ ಬಣ್ಣದ್ದು ತರುತ್ತೇನೆ, ಇದನ್ನು ನೀನೇ ಇಟ್ಟುಕೋ ಎಂದಳು.

ಬಾಯಿ ಬಿಟ್ಟು ಹೇಳುವುದು ಹೂವೆತ್ತಿದಷ್ಟು ಸುಲಭವಾಗಿರಲಿಲ್ಲ. ಮೊದಮೊದಲು ಮೆಕ್ಯಾನಿಕಮ್ಮನಿಗೆ ನಾಚಿಕೆಯಾಗುತ್ತಿತ್ತು, ನಡುನಡುವೆ ಹಳೆಯ ಚಾಳಿ ಮರುಕಳಿಸುತ್ತಿತ್ತು. ಒಂದು ಬುಧವಾರ ಮತ್ತೆ ಹರಿಹಾಯ್ದಳು. ಆದರೆ ಎರಡು ದಿನ ಮೌನ ಹಿಡಿಯಲಿಲ್ಲ. ಅರ್ಧ ಗಂಟೆಯಲ್ಲೇ ಮಗಳ ಪಕ್ಕ ನೆಲದ ಮೇಲೆ ಕೂತು, ತಪ್ಪು ನನ್ನದು, ನಿನ್ನದಲ್ಲ ಎಂದಳು. ಪೆನ್ಸಿಲ್ ಕೊಡಿಸಲಿಲ್ಲ. ಮಗಳು ಅವಳನ್ನು ಸಂಶಯದಿಂದ ನೋಡಿದಳು. ನಂಬಿಕೆಗೆ ಹೊತ್ತು ಬೇಕು, ಮೆಷಿನ್ ಬಿಚ್ಚಿದ ಮೇಲೆ ಮತ್ತೆ ಜೋಡಿಸಲು ಬೇಕಾದ ಹಾಗೆ. ಹೊತ್ತು ಹಿಡಿಯುವ ಕೆಲಸಕ್ಕೆ ಮೆಕ್ಯಾನಿಕಮ್ಮ ಹೆದರುವವಳಲ್ಲ.

ಏಳು ತಿಂಗಳಾದ ಮೇಲೆ, ಒಂದು ಮಳೆಯ ಶನಿವಾರ, ಅರ್ಧ ದಿನದ ಪಾಳಿ ಮುಗಿಸಿ ಅವಳು ಅಡುಗೆಮನೆಯಲ್ಲಿದ್ದಳು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಧಡಧಡ ಹತ್ತಿತು. ಬಾಗಿಲ ಮುಂದೆ ನಿಲ್ಲಲಿಲ್ಲ, ಕೈ ನೇರ ಗಂಟೆಗೇ ಹೋಯಿತು. ಕಿವಿ ಕಿತ್ತುಹೋಗುವ ಹಾಗೆ ಒಂದೇ ಸಮನೆ ಬಾರಿಸಿತು.

"ಅಮ್ಮಾ, ಇವತ್ತು ಹೇಗಿದೀಯ?"

"ಸುಸ್ತಾಗಿದೆ. ಸ್ವಲ್ಪ ಸಿಟ್ಟೂ ಇದೆ. ಹನ್ನೆರಡನೇ ಮೆಷಿನ್ ಮೇಲೆ."

"ಸರಿ," ಎಂದು ಮಗಳು ಅಮ್ಮನ ಮುಖ ಕೂಡ ನೋಡದೆ, ಕೆಸರು ಮೆತ್ತಿದ ಶೂ ಹಾಕಿಕೊಂಡೇ ಕೋಣೆಯ ಉದ್ದಕ್ಕೂ ನಡೆದು, ಚೀಲವನ್ನು ಧೊಪ್ಪೆಂದು ಎಸೆದು, ಹಸಿವು ಎಂದು ಕಿರುಚಿದಳು.

ಬಾಗಿಲಿನಿಂದ ಅಡುಗೆಮನೆಯವರೆಗೆ ಹತ್ತು ಕೆಸರು ಹೆಜ್ಜೆಗಳಿದ್ದವು. ಮೆಕ್ಯಾನಿಕಮ್ಮ ಒಂದೊಂದನ್ನೂ ನೋಡಿದಳು. ಶೂ ಬಿಚ್ಚದೆ ಒಳಗೆ ಬಂದದ್ದಕ್ಕೆ ಬೈಯಲೇಬೇಕು, ಬೈದಳು ಕೂಡ. ಮಗಳು ಹೆದರದೆ ಹಲ್ಲು ಕಿರಿದು ಶೂ ಬಿಚ್ಚಿದಳು. ಆಮೇಲೆ ಮೆಕ್ಯಾನಿಕಮ್ಮ ಕೈಗೆ ಸಿಕ್ಕ ಟವೆಲ್ಲಿನಿಂದ ನೆಲ ಒರೆಸುತ್ತ, ಮಂಡಿಯೂರಿದ ಹಾಗೇ ಇನ್ನೊಂದು ಕೈಯಲ್ಲಿ ಅಕ್ಕನಿಗೆ ಫೋನು ಮಾಡಿ, ಮಗಳು ಮನೆಯೆಲ್ಲ ಕೆಸರು ಮಾಡಿದ್ದಾಳೆ ಎಂದು ವರದಿ ಒಪ್ಪಿಸಿದಳು. ಅಕ್ಕನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಅತ್ತ ಕಡೆ ಮೂಗು ಸೇದಿಕೊಂಡು, ಒಳ್ಳೆದಾಯ್ತು ಕಣೇ ಗುಬ್ಬಿ, ಒಳ್ಳೆದಾಯ್ತು ಎಂದಳು.

ಮೆಕ್ಯಾನಿಕಮ್ಮ ಟವೆಲ್ಲನ್ನು ಒಗೆದು, ಹಿಂಡಿ, ಕಿಟಕಿಯ ಸರಳಿನ ಮೇಲೆ ಹರವಿದಳು. ಕೆಂಪು ಗೆರೆಗಳು ಹೊರಗೆ ಬೀದಿಗೆ ಕಾಣುತ್ತಿದ್ದವು. ಮಗಳು ಬ್ರೆಡ್ಡು ತಿನ್ನುತ್ತ ಅದರ ಪಕ್ಕವೇ ನಿಂತಿದ್ದಳು, ಅತ್ತ ಕಣ್ಣೆತ್ತಿಯೂ ನೋಡಲಿಲ್ಲ.